ಕೋಟೆಯಲ್ಲ, ಗಢಿ

ಬೀದರ್‌ನ ಚಿದ್ರಿಯಲ್ಲಿ ಬೆಳೆದ ನಮಗೆ ಇತಿಹಾಸವೆಂದರೆ ಬಹಮನಿಗಳ ಇತಿಹಾಸ. ಊರಲ್ಲಿ ಸುಲ್ತಾನರ ಕೋಟೆ, ಮಹಮೂದ್ ಗವಾನನ ಮದರಸಾ. ಊರಾಚೆ ಅಷ್ಟೂರಿನ ಗುಮ್ಮಟಗಳು. ಸಂಶೋಧನೆಗೆಂದು ಹೈದರಾಬಾದ್ ಸಂಸ್ಥಾನದ ಕಂದಾಯ ವ್ಯವಸ್ಥೆಯನ್ನು ಓದತೊಡಗಿದ ಮೇಲೆ ತಿಳಿಯಿತು, ಈ ಸೀಮೆಯ ರೈತ ದಿನನಿತ್ಯ ಕಂಡ ಅಧಿಕಾರದ ಕಟ್ಟಡಗಳು ಇವಲ್ಲ. ಅವನು ಕಂಡದ್ದು ಊರ ಗಢಿಯನ್ನು, ವಾಡೆಯನ್ನು. ಹಾಗಾಗಿ ಕಾರ್ತಿಕದ ಒಂದು ಭಾನುವಾರ ಭಾಲ್ಕಿಯ ಗಢಿ ನೋಡಲು ಹೊರಟೆ.

ಚಿದ್ರಿಯಿಂದ ಬಸ್ ನಿಲ್ದಾಣಕ್ಕೆ ಆಟೋ, ಅಲ್ಲಿಂದ ಭಾಲ್ಕಿಗೆ ಕೆಂಪು ಬಸ್ಸು. ದಾರಿ ಸುಮಾರು 40 ಕಿ.ಮೀ. ಬೀದರ್‌ನ ಜಂಬಿಟ್ಟಿಗೆಯ ಕೆಂಪು ನೆಲ ಹಿಂದೆ ಉಳಿದು, ಹಲಬರ್ಗಾದ ಕಡೆ ಎರೆಭೂಮಿ ಶುರುವಾಗುತ್ತದೆ. ಸೋಯಾ ರಾಶಿ ಮುಗಿದಿತ್ತು. ತೊಗರಿ ಹಳದಿ ಹೂ ಬಿಟ್ಟಿತ್ತು. ಗಢಿಗಳು ಎದ್ದದ್ದು ಈ ಕರಿಮಣ್ಣಿನ ಫಸಲಿನ ಮೇಲೆಯೇ.

ಎತ್ತರದ ಗೋಡೆ, ದುಂಡನೆಯ ಹುಡೆಗಳು, ಸುತ್ತ ಒತ್ತೊತ್ತಾದ ಮನೆಗಳು. 19ನೇ ಶತಮಾನದ ಮೊದಲರ್ಧದಲ್ಲಿ ರಾಮಚಂದ್ರ ಜಾಧವ, ಧನಾಜಿ ಜಾಧವ ಇದನ್ನು ಕಟ್ಟಿಸಿದರೆಂಬುದು ಪ್ರತೀತಿ. ಬೇವಿನ ನೆರಳಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು, “ಏನ್ ನೋಡ್ಲಾಕ ಬಂದಿದಿ ತಮ್ಮಾ?”

“ಕೋಟಿ ನೋಡ್ಬೇಕಂತ ಬಂದೀನ್ರಿ ಕಾಕಾ.”

“ಇದು ಕೋಟಿ ಅಲ್ಲ, ಗಢಿ. ಕೋಟಿ ನಿಮ್ಮ ಬೀದರದಾಗ ಅದ.”

ಅವರ ಮಾತಿನಲ್ಲಿದ್ದ ವ್ಯತ್ಯಾಸ ದೊಡ್ಡದು. ಕೋಟೆಗೆ ಸೈನ್ಯ ಬೇಕು. ಗಢಿ ಎಂದರೆ ಕೋಟೆಯಂತೆ ಕಟ್ಟಿದ ಮನೆ. ಅದು ಕಾಯುತ್ತಿದ್ದದ್ದು ಮನೆಮಂದಿಯನ್ನು, ಹಗೇವಿನ ಜೋಳವನ್ನು ಮತ್ತು ಲೆಕ್ಕದ ಕಡತವನ್ನು. ದೇಶಮುಖ, ದೇಶಪಾಂಡೆ ಮನೆತನಗಳು ಕಂದಾಯ ವಸೂಲಿಯ ವತನದಿಂದಲೇ ಬೆಳೆದವು. 1860ರ ದಶಕದಲ್ಲಿ ದಿವಾನ ಸಾಲಾರ್ ಜಂಗ್ ಜಿಲ್ಲಾಬಂದಿ ತಂದು ವಸೂಲಿಯನ್ನು ಸರ್ಕಾರಿ ಅಧಿಕಾರಿಗಳಿಗೆ ಒಪ್ಪಿಸಿದ. ಹಳೆಯ ವತನದಾರರಿಗೆ ರುಸುಮು ಗೊತ್ತಾಯಿತು. ಕೆಲಸ ಹೋದರೂ ಭೂಮಿ ಉಳಿಯಿತು, ಊರ ಮೇಲಿನ ಹಿಡಿತವೂ ಉಳಿಯಿತು.

ಕಾಕಾ ತಮ್ಮ ಹಳ್ಳಿಯ ವಾಡೆಯ ಸುದ್ದಿ ತೆಗೆದರು. “ನಮ್ಮಜ್ಜ ರಾಶಿ ಆದ ಮ್ಯಾಲ ಮೊದಲ ಚೀಲ ವಾಡೆಕ ಹಾಕಿ ಬರ್ತಿದ್ನಂತ. ಎಷ್ಟ್ ಬರ್ಕೊಂಡ್ರು ಅಂತ ಅವನಿಗಿ ಎಂದೂ ಗೊತ್ತಾಗಿಲ್ಲ. ಓದ್ಲಾಕ ಬರ್ತಿರ್ಲಿಲ್ಲ.”

ಓದು ಬಂದಿದ್ದರೂ ಕಷ್ಟವಿತ್ತು. ಈ ಭಾಗದ ಹಳೆಯ ಲೆಕ್ಕಪತ್ರಗಳು ಮೋಡಿ ಲಿಪಿಯಲ್ಲಿ, ಸರ್ಕಾರಿ ಕಾಗದಗಳು ಮೊದಲು ಪಾರ್ಸಿಯಲ್ಲಿ, ಆಮೇಲೆ ಉರ್ದುವಿನಲ್ಲಿ. ಕನ್ನಡ ಮಾತಾಡುವ ರೈತನ ಸಾಲ, ತೆರಿಗೆ, ಹೊಲದ ಹಕ್ಕು ಎಲ್ಲವೂ ಅವನದಲ್ಲದ ಅಕ್ಷರದಲ್ಲಿದ್ದವು. ಗಢಿಯ ಗೋಡೆಗಿಂತ ಆ ಕಡತ ಎತ್ತರವಾಗಿತ್ತು.

ಅದೇ ಭಾಲ್ಕಿಯಲ್ಲಿ ಹಿರೇಮಠವಿದೆ. ನಿಜಾಮರ ಕಾಲದಲ್ಲಿ ಡಾ. ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕತೆ ಈ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಭಾಷಾಭಿಮಾನದ ಕತೆಯೆಂದೇ ಕೇಳುತ್ತ ಬಂದಿದ್ದೆ. ಗಢಿಯಿಂದ ಮಠದ ಕಡೆ ನಡೆಯುವಾಗ ಅದರ ಇನ್ನೊಂದು ಮುಖ ಕಂಡಿತು. ತಾಯ್ನುಡಿಯಲ್ಲಿ ಓದಲು, ಬರೆಯಲು ಕಲಿತ ಹುಡುಗ ಮುಂದೆ ಒಂದು ದಿನ ಲೆಕ್ಕ ಕೇಳುತ್ತಾನೆ.

1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1949ರಲ್ಲಿ ಜಹಗೀರುಗಳು ರದ್ದಾದವು. 1950ರಲ್ಲಿ ಗೇಣಿ ಕಾಯ್ದೆ ಬಂತು. 1956ರಲ್ಲಿ ಹಳೆಯ ಬೀದರ್ ಜಿಲ್ಲೆಯೇ ಮೂರು ಪಾಲಾಗಿ, ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ಹಳ್ಳಿಗಳ ಎಷ್ಟೋ ವಾಡೆಗಳು ಅಣ್ಣತಮ್ಮಂದಿರಲ್ಲಿ ಹಂಚಿಹೋದವು. ಸಾಗವಾನಿ ಕಂಬಗಳು, ಕೆತ್ತನೆಯ ಬಾಗಿಲುಗಳು ಮಾರಾಟವಾದವು.

ವಾಡೆ ಬಿದ್ದರೆ ಬೀಳಲಿ ಎನ್ನುವವರಿದ್ದಾರೆ. ಅವರ ಸಿಟ್ಟಿಗೆ ಕಾರಣವಿದೆ. ಆದರೆ ಆ ಬಾಗಿಲಲ್ಲಿ ಚೀಲ ಇಳಿಸಿದವರ ನೆನಪನ್ನು ಕೇಳಿಸಿಕೊಂಡ ಮೊಮ್ಮಕ್ಕಳು ಈಗ ಮುಪ್ಪಾಗಿದ್ದಾರೆ. ಕಡತಗಳಲ್ಲಿ ಅವರ ಮಾತಿಲ್ಲ.

ಸಂಜೆಯ ಬಸ್ಸಿಗೆ ಹೊರಟಾಗ ಕಾಕಾ ಹೇಳಿದರು, “ಮುಂದಿನ ವಾರ ಬಾ. ನಮ್ಮ ಹಳ್ಳಿಗಿ ಹೋಗಮು. ವಾಡೆದಾಗ ಈಗ ಒಂದು ಮುದುಕಿ ಅಷ್ಟೇ ಅದ.”

ಚಿದ್ರಿ ತಲುಪಿದಾಗ ಕತ್ತಲಾಗಿತ್ತು. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೇ ಹೋಗುವುದೆಂದು ನಿರ್ಧರಿಸಿದೆ.