ಎಬೆನಿಸ್ಟರು

ಕರಿಮರ, ಅಂದರೆ ಎಬೊನಿ, ಮುಂತಾದ ಬೆಲೆಬಾಳುವ ಮರಗಳ ತೆಳುಪದರ ಹೊದಿಸಿ ಪೀಠೋಪಕರಣ ತಯಾರಿಸುತ್ತಿದ್ದ ಫ್ರಾನ್ಸಿನ ಕುಶಲಕರ್ಮಿಗಳು. ಇಡಿ ಮರದಲ್ಲಿ ಕುರ್ಚಿ, ಮಂಚ ಮಾಡುವ ಬಡಗಿಗಳಿಗೆ ಅಲ್ಲಿ ಮೆನ್ಯುಜಿಯೆ ಎಂಬ ಬೇರೆ ಹೆಸರಿತ್ತು. 17, 18ನೆಯ ಶತಮಾನಗಳಲ್ಲಿ ಎಬೆನಿಸ್ಟರ ಮುಖ್ಯ ಕೇಂದ್ರ ಪ್ಯಾರಿಸ್.

ಹಡಗಿನಲ್ಲಿ ಬರುತ್ತಿದ್ದ ಕರಿಮರ ನೀರಿನಲ್ಲಿ ಮುಳುಗುವಷ್ಟು ಭಾರ. ಗಡುಸು, ದುಬಾರಿ ಕೂಡ. ಅದನ್ನು ತೆಳುವಾಗಿ ಸೀಳಿ, ಅಗ್ಗದ ಮರದ ಚೌಕಟ್ಟಿಗೆ ಸರೇಸಿನಿಂದ ಅಂಟಿಸುವ ಕೆಲಸದಲ್ಲಿ ಡಚ್ ಮತ್ತು ಫ್ಲೆಮಿಷ್ ನಾಡಿನವರು ಪಳಗಿದ್ದರು. ಅಲ್ಲಿ ಕಲಿತ ಝಾನ್ ಮಾಸೆ, ಹಾಲೆಂಡಿನಿಂದ ಬಂದ ಪಿಯೆರ್ ಗೋಲ್ ಇದನ್ನು ಪ್ಯಾರಿಸ್ಸಿನಲ್ಲಿ ಬೆಳೆಸಿದರು.

ಎಬೆನಿಸ್ಟ ಆಂದ್ರೆ-ಶಾರ್ಲ್ ಬುಲ್‌ಗೆ (1642–1732) 1672ರಲ್ಲಿ ಲೂವ್ರ್ ಅರಮನೆಯಲ್ಲಿ ವಸತಿ ದೊರೆಯಿತು. ಆಮೆಚಿಪ್ಪು, ಹಿತ್ತಾಳೆ ತಗಡುಗಳನ್ನು ಒಂದರ ಮೇಲೊಂದಿಟ್ಟು ಸಣ್ಣ ಗರಗಸದಿಂದ ಒಟ್ಟಿಗೇ ಕೊಯ್ಯುವುದು ಅವನ ಕಾರ್ಯಾಗಾರದ ಪದ್ಧತಿ. ಒಂದೇ ಕೊಯ್ತದಿಂದ ಎರಡು ಚಿತ್ತಾರ ಹುಟ್ಟುತ್ತಿದ್ದವು: ಆಮೆಚಿಪ್ಪಿನ ನೆಲದಲ್ಲಿ ಹಿತ್ತಾಳೆಯ ಬಳ್ಳಿ, ಹಿತ್ತಾಳೆಯ ನೆಲದಲ್ಲಿ ಆಮೆಚಿಪ್ಪಿನ ಬಳ್ಳಿ. ಹೀಗೆ ಜೋಡಿ ಬೀರುಗಳು ಸಿದ್ಧವಾಗುತ್ತಿದ್ದವು.

18ನೆಯ ಶತಮಾನದ ಹೊತ್ತಿಗೆ ಕರಿಮರದ ಜಾಗಕ್ಕೆ ಬಣ್ಣಬಣ್ಣದ ಅಮೆರಿಕದ ಮರಗಳು ಬಂದವು. ಒಂದು ಮೇಜಿಗೆ ಹಲವು ಕಸುಬಿನವರು ದುಡಿಯುತ್ತಿದ್ದರು. ಅದರ ಕಂಚಿನ ಅಲಂಕಾರಗಳ ಎರಕ ಒಂದು ಕಸುಬುದಾರರ ಸಂಘದ ಹಕ್ಕು, ಅವಕ್ಕೆ ಚಿನ್ನದ ಲೇಪ ಇನ್ನೊಂದರದು. ಆದರೆ ಎಬೆನಿಸ್ಟರ ಸಂಘದ 1743ರ ನಿಯಮಾವಳಿಯಂತೆ ಮರದ ಮೇಲೆ ಬೀಳುತ್ತಿದ್ದ ಹೆಸರಿನ ಮುದ್ರೆ ಕಾರ್ಯಾಗಾರದ ಯಜಮಾನನದು ಮಾತ್ರ. ಇಂದು ಒಬ್ಬನ ಕೃತಿಯೆಂದು ಹೆಸರಾದದ್ದನ್ನು ಈ ಹಲವರ ದುಡಿಮೆಯಾಗಿಯೂ ನೋಡಬೇಕು.

ವಲಸಿಗರ ಪಾಲು ಇದರಲ್ಲಿ ದೊಡ್ಡದು. ಪ್ಯಾರಿಸ್ಸಿನ ಫೋಬೂರ್ ಸೇಂಟ್ ಆಂಟ್ವಾನ್ ಬಡಾವಣೆಯಲ್ಲಿ ಜರ್ಮನ್ ಕುಶಲಕರ್ಮಿಗಳು ಬಹಳ ಮಂದಿ ನೆಲೆಸಿದ್ದರು. ದೊರೆ 15ನೆಯ ಲೂಯಿಯ ಪ್ರಸಿದ್ಧ ಬರವಣಿಗೆ ಮೇಜನ್ನು 1760ರಲ್ಲಿ ಆರಂಭಿಸಿದ ಝಾನ್-ಫ್ರಾನ್ಸ್ವಾ ಎಬೆನ್, ಅವನ ಮರಣಾನಂತರ 1769ರಲ್ಲಿ ಮುಗಿಸಿಕೊಟ್ಟ ಝಾನ್-ಹೆನ್ರಿ ರೀಸನರ್, ಇಬ್ಬರೂ ಜರ್ಮನ್ ಮೂಲದವರು. ಆ ಮೇಜು ವರ್ಸೇಲ್ಸ್ ಅರಮನೆಯಲ್ಲಿದೆ.

ಫ್ರಾನ್ಸಿನ ಕ್ರಾಂತಿಯಲ್ಲಿ ರಾಜಾಶ್ರಯ ತಪ್ಪಿತು. 1791ರಲ್ಲಿ ಸಂಘಗಳು ರದ್ದಾದವು. ಅರಮನೆಯ ಸಾಮಾನು ಹರಾಜಾದಾಗ ರೀಸನರ್ ತಾನೇ ಮಾಡಿದ್ದ ಕೆಲವನ್ನು ಮರಳಿ ಕೊಂಡ. ಕಸುಬು ಮಾತ್ರ ಉಳಿಯಿತು. 1886ರಲ್ಲಿ ಪ್ಯಾರಿಸ್ಸಿನಲ್ಲಿ ಬುಲ್ ಹೆಸರಿನ ಕಲಾಶಾಲೆ ಆರಂಭವಾಯಿತು. 1920ರ ದಶಕದಲ್ಲಿ ಎಮಿಲ್-ಝಾಕ್ ರೂಲ್ಮನ್ ಮಕಾಸರ್ ಕರಿಮರಕ್ಕೆ ದಂತದ ಸಣ್ಣ ಗೆರೆಗಳನ್ನು ಕೂಡಿಸಿ ಹೊಸ ಶೈಲಿಯ ಪೀಠೋಪಕರಣಗಳನ್ನು ರೂಪಿಸಿದ.