ಪದವಿ ಶಿಕ್ಷಣದಲ್ಲಿ ಕ್ರೆಡಿಟ್ ಲೆಕ್ಕ: ಹೊಸ ವಿದ್ಯಾರ್ಥಿಗಳಿಗೂ ಪಾಲಕರಿಗೂ

ಹನ್ನೆರಡನೆಯ ತರಗತಿ ಮುಗಿಸಿ ಕ್ಯಾಂಪಿನ ಪೂನಾ ಕಾಲೇಜಿಗೋ, ಅನತಿದೂರದ ನೌರೋಸ್‌ಜಿ ವಾಡಿಯಾ ಕಾಲೇಜಿಗೋ ಸೇರುವ ನಮ್ಮ ಮಕ್ಕಳ ಪಠ್ಯಕ್ರಮದ ಹಾಳೆಯಲ್ಲಿ ಪ್ರತಿ ವಿಷಯದ ಮುಂದೆ 2 ಅಥವಾ 4 ಎಂಬ ಅಂಕೆ ಕಾಣುತ್ತದೆ. ಶೇಕಡಾವಾರು ಅಂಕ ಮತ್ತು ದರ್ಜೆ ಇವೆರಡನ್ನೇ ಬಲ್ಲ ನಮ್ಮ ತಲೆಮಾರಿಗೆ ಇದು ಹೊಸತು. ಬ್ಯಾಂಕಿನವರಾದ ನಮಗೆ ಕ್ರೆಡಿಟ್ ಎಂದೊಡನೆ ಸಾಲ ನೆನಪಾಗುವುದು ಸಹಜ. ಇಲ್ಲಿ ಮಾತ್ರ ಅದು ಲೆಡ್ಜರಿನ ಜಮಾ ಬದಿ.

ಕ್ರೆಡಿಟ್ ಎಂಬುದು ಅಂಕವಲ್ಲ, ವ್ಯಾಸಂಗದ ಅಳತೆ. ಯುಜಿಸಿ 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಒಂದು ಸೆಮಿಸ್ಟರಿನಲ್ಲಿ 15 ಗಂಟೆಗಳ ಪಾಠಕ್ಕೆ ಒಂದು ಕ್ರೆಡಿಟ್; ಪ್ರಯೋಗಾಲಯದ ಕೆಲಸಕ್ಕಾದರೆ 30 ಗಂಟೆ. ಉತ್ತೀರ್ಣರಾದವರಲ್ಲಿ ಅಂಚಿನಲ್ಲಿ ಪಾರಾದವನಿಗೂ ಅಗ್ರಸ್ಥಾನ ಪಡೆದವಳಿಗೂ ಅದೇ 4 ಕ್ರೆಡಿಟ್. ಅನುತ್ತೀರ್ಣರಾದರೆ ಸೊನ್ನೆ, ಅರ್ಧ ಕ್ರೆಡಿಟ್ ಎಂಬುದಿಲ್ಲ.

ಹಾಗಾದರೆ ಜಾಣತನಕ್ಕೆ ಬೆಲೆಯೆಲ್ಲಿ? ಅದು ಹತ್ತರ ಮಾಪನದ ಗ್ರೇಡ್ ಪಾಯಿಂಟಿನಲ್ಲಿದೆ. 4 ಕ್ರೆಡಿಟ್ಟಿನ ವಿಷಯದಲ್ಲಿ 8 ಪಾಯಿಂಟ್, 2 ಕ್ರೆಡಿಟ್ಟಿನದರಲ್ಲಿ 6 ಪಾಯಿಂಟ್ ಬಂದರೆ 32 ಮತ್ತು 12 ಸೇರಿ 44. ಅದನ್ನು 6 ಕ್ರೆಡಿಟ್‌ಗಳಿಂದ ಭಾಗಿಸಿದರೆ ಸರಾಸರಿ 7.33. ದೊಡ್ಡ ವಿಷಯದ ತೂಕ ದೊಡ್ಡದು. ಆದರೆ ಭಾಷೆ, ಪರಿಸರ ಮುಂತಾದ 2 ಕ್ರೆಡಿಟ್ಟಿನ ವಿಷಯಗಳನ್ನು ಅಸಡ್ಡೆ ಮಾಡುವಂತಿಲ್ಲ. ಆ ಎರಡು ಬಾಕಿಯುಳಿದರೂ ಪದವಿ ಕೈಗೆ ಬಾರದು.

ಮಹಾರಾಷ್ಟ್ರದ ಸ್ವಾಯತ್ತ ಕಾಲೇಜುಗಳಲ್ಲಿ 2023-24ರಿಂದ, ಉಳಿದ ಸಂಲಗ್ನ ಕಾಲೇಜುಗಳಲ್ಲಿ 2024-25ರಿಂದ ಹೊಸ ಶಿಕ್ಷಣ ನೀತಿಯ ಪದ್ಧತಿ ನಡೆದಿದೆ. ಸೆಮಿಸ್ಟರಿಗೆ ಸಾಮಾನ್ಯವಾಗಿ 22 ಕ್ರೆಡಿಟ್, ಮೂರು ವರ್ಷಕ್ಕೆ 132, ಆನರ್ಸ್ ಸೇರಿ ನಾಲ್ಕು ವರ್ಷಕ್ಕೆ 176. ಮೊದಲ ವರ್ಷದ ನಂತರ ಬಿಡಬೇಕಾಗಿ ಬಂದವರು ಹೆಚ್ಚುವರಿ 4 ಕ್ರೆಡಿಟ್ಟಿನ ಕೌಶಲ್ಯ ತರಬೇತಿ ಪೂರೈಸಿದರೆ ಸರ್ಟಿಫಿಕೇಟ್ ಪಡೆಯಬಹುದು.

ಗಳಿಸಿದ್ದನ್ನು ಜಮಾ ಇಡಲು 2021ರ ಜುಲೈಯಲ್ಲಿ 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್' ಆರಂಭವಾಯಿತು. ಡಿಜಿಲಾಕರ್ ಮೂಲಕ ಖಾತೆ ತೆರೆಯಬೇಕು. ಇಲ್ಲಿ ಖಾತೆದಾರನೇ ಕೌಂಟರಿಗೆ ಬಂದು ಹಣ ಕಟ್ಟುವಂತಿಲ್ಲ. ಜಮಾ ಮಾಡುವ ಅಧಿಕಾರ ವಿದ್ಯಾಸಂಸ್ಥೆಯದು. ಕ್ರೆಡಿಟ್ಟಿನ ಆಯುಷ್ಯ ಗರಿಷ್ಠ 7 ವರ್ಷ. ಒಮ್ಮೆ ಪದವಿಗಾಗಿ ಬಳಸಿದ ಮೇಲೆ ಅದು ಖರ್ಚು ಬೀಳುತ್ತದೆ, ಮತ್ತೊಂದು ಪದವಿಗೆ ಒದಗದು.

ವರ್ಗಾವಣೆಯ ನೌಕರಿಯಲ್ಲಿರುವ ಕುಟುಂಬಗಳು ಇಲ್ಲಿ ವಿಶೇಷ ಗಮನ ಕೊಡಬೇಕು. ಕರ್ನಾಟಕವು 2021-22ರಲ್ಲಿ ನಾಲ್ಕು ವರ್ಷದ ಪದ್ಧತಿಯನ್ನು ಜಾರಿಗೆ ತಂದು, 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಪುಣೆಯಲ್ಲಿ ಎರಡು ಸೆಮಿಸ್ಟರ್ ಓದಿ ಧಾರವಾಡಕ್ಕೆ ಹೋಗುವ ವಿದ್ಯಾರ್ಥಿಯ ಖಾತೆಯಲ್ಲಿ 44 ಕ್ರೆಡಿಟ್ ಇದ್ದರೂ, ಅವುಗಳಲ್ಲಿ ಎಷ್ಟನ್ನು ಮಾನ್ಯ ಮಾಡಬೇಕೆಂಬುದು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯದ ತೀರ್ಮಾನ. ಪಠ್ಯವಿಷಯ ಹೊಂದದಿದ್ದರೆ ಒಂದು ವರ್ಷವೇ ನಷ್ಟವಾದೀತು. ಆದುದರಿಂದ ಇಲ್ಲಿನ ವರ್ಗಾವಣೆ ಪತ್ರ ಪಡೆಯುವ ಮುನ್ನವೇ ಅಲ್ಲಿಂದ ಲಿಖಿತ ಉತ್ತರ ತರಿಸಿಕೊಳ್ಳುವುದು ಕ್ಷೇಮ. ಬಾಯಿಮಾತಿನ ಭರವಸೆ ಸಾಲದು.

ಇನ್ನೊಂದು ತೊಡಕು ನಮ್ಮ ಹೆಸರುಗಳದ್ದು. ಕರ್ನಾಟಕದಿಂದ ಬಂದ ಮನೆಗಳಲ್ಲಿ ಇನಿಷಿಯಲ್ ರೂಢಿ. ಮಹಾರಾಷ್ಟ್ರದ ದಾಖಲೆಗಳಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಎಂಬ ಕ್ರಮ. ಆಧಾರದಲ್ಲಿ ಒಂದು, ಕಾಲೇಜಿನ ದಾಖಲೆಯಲ್ಲಿ ಇನ್ನೊಂದು ಇದ್ದರೆ ಖಾತೆ ಹೊಂದಾಣಿಕೆಯಾಗದೆ ಜಮಾ ನಿಂತುಹೋಗಬಹುದು. ಪ್ರವೇಶದ ಸಮಯದಲ್ಲೇ ಎರಡನ್ನೂ ಸರಿಪಡಿಸಿಕೊಂಡು, ಪ್ರತಿ ಸೆಮಿಸ್ಟರಿನ ಫಲಿತಾಂಶದ ಬಳಿಕ ಪಾಸ್‌ಬುಕ್ ನೋಡುವಂತೆ ಖಾತೆಯನ್ನು ತೆರೆದು ನೋಡಬೇಕು. ಕೊರತೆ ಕಂಡುಬಂದರೆ ಆ ಸೆಮಿಸ್ಟರಿನ ಅಂಕಪಟ್ಟಿಯ ಪ್ರತಿಯೊಡನೆ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು.