ರಿಚರ್ಡ್ ಮೆಕ್‌ಬ್ರೈಡ್

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರಾಜಕಾರಣಿ (1870-1917). 1903ರಿಂದ 1915ರವರೆಗೆ ಅಲ್ಲಿನ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಗೆ ಸಮನಾದ ಹುದ್ದೆಯಲ್ಲಿದ್ದವ. ಪೆಸಿಫಿಕ್ ಕರಾವಳಿಯ ಈ ಪ್ರಾಂತ್ಯಕ್ಕೆ ಪಕ್ಷ ರಾಜಕಾರಣವನ್ನು ತಂದವ ಈತ. ರೈಲುಹಾದಿಗಳ ಸಾಲಕ್ಕೆ ಸರ್ಕಾರವನ್ನು ಜಾಮೀನು ನಿಲ್ಲಿಸಿದವನೂ ಈತನೇ. ಈತನ ಸರ್ಕಾರವೇ ಭಾರತೀಯರ ಮತದಾನದ ಹಕ್ಕನ್ನು ಕಿತ್ತುಕೊಂಡಿತು. ಆದ್ದರಿಂದ ಈತನ ಚರಿತ್ರೆ ನಮಗೆ ದೂರದ್ದಲ್ಲ.

ಮೆಕ್‌ಬ್ರೈಡ್ ಹುಟ್ಟಿದ್ದು 1870ರ ಡಿಸೆಂಬರ್ 15ರಂದು, ನ್ಯೂ ವೆಸ್ಟ್‌ಮಿನ್‌ಸ್ಟರ್‌ನಲ್ಲಿ. ತಂದೆ ಅಲ್ಲಿನ ಸೆರೆಮನೆಯ ವಾರ್ಡನ್. ದೇಶದ ಇನ್ನೊಂದು ತುದಿಯ ಹ್ಯಾಲಿಫ್ಯಾಕ್ಸ್‌ನ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಬಂದು ವಕೀಲನಾದ. 1896ರ ಫೆಡರಲ್ ಚುನಾವಣೆಯಲ್ಲಿ ಸೋತ. 1898ರಲ್ಲಿ ಡ್ಯೂಡ್ನಿ ಕ್ಷೇತ್ರದಿಂದ ಪ್ರಾಂತ್ಯದ ಶಾಸನಸಭೆಗೆ ಗೆದ್ದ. ಎರಡು ವರ್ಷದ ಬಳಿಕ ಕಲ್ಲಿದ್ದಲ ಗಣಿಗಳ ಧಣಿ ಜೇಮ್ಸ್ ಡನ್ಸ್‌ಮ್ಯೂರ್‌ನ ಸಂಪುಟದಲ್ಲಿ ಗಣಿ ಸಚಿವನಾದ. 1901ರಲ್ಲಿ ಹೊಸ ಸಚಿವನೊಬ್ಬನ ನೇಮಕವನ್ನು ವಿರೋಧಿಸಿ ರಾಜೀನಾಮೆ ಕೊಟ್ಟು, ವಿರೋಧ ಪಕ್ಷದ ಸಾಲಿಗೆ ಹೋಗಿ ಕೂತ.

ಆಗಿನ ಶಾಸನಸಭೆಯಲ್ಲಿ ಪಕ್ಷಗಳೇ ಇರಲಿಲ್ಲ. ಸದಸ್ಯರು ತಮ್ಮ ಊರಿನ ರಸ್ತೆ, ಸೇತುವೆ, ಗುತ್ತಿಗೆಗಳ ಲೆಕ್ಕ ನೋಡಿಕೊಂಡು ಇಂದು ಒಬ್ಬನ ಬೆನ್ನಿಗೆ, ನಾಳೆ ಇನ್ನೊಬ್ಬನ ಬೆನ್ನಿಗೆ ನಿಲ್ಲುತ್ತಿದ್ದರು. 1898ರಿಂದ 1903ರೊಳಗೆ ಮೂವರು ಪ್ರೀಮಿಯರ್‌ಗಳನ್ನು ಲೆಫ್ಟಿನೆಂಟ್ ಗವರ್ನರ್‌ಗಳೇ ವಜಾ ಮಾಡಿದ್ದರು. ಕೊನೆಯವನಾದ ಎಡ್ವರ್ಡ್ ಪ್ರಯರ್ ಹೋದದ್ದು, ಸರ್ಕಾರಿ ಸೇತುವೆಯ ಟೆಂಡರು ತನ್ನದೇ ಕಂಪನಿಗೆ ಸಿಕ್ಕ ಹಗರಣದಲ್ಲಿ. 1903ರ ಜೂನ್ 1ರಂದು ಅಧಿಕಾರ ಮೆಕ್‌ಬ್ರೈಡ್‌ನ ಕೈಗೆ ಬಂತು. ವಯಸ್ಸು 32, ಆ ಪ್ರಾಂತ್ಯದಲ್ಲೇ ಹುಟ್ಟಿ ಪ್ರೀಮಿಯರ್ ಆದ ಮೊದಲಿಗ. ತನ್ನದು ಕನ್ಸರ್ವೇಟಿವ್ ಪಕ್ಷದ ಸರ್ಕಾರವೆಂದು ಸಾರಿ ಚುನಾವಣೆಗೆ ಹೋದ. 42 ಸ್ಥಾನಗಳಲ್ಲಿ ದಕ್ಕಿದ್ದು 22. ಅಂಚಿನಲ್ಲಿದ್ದ ಆ ಸರ್ಕಾರವನ್ನು ಉಳಿಸಿದ್ದು ಗಣಿ ಕಾರ್ಮಿಕರು ಆರಿಸಿ ಕಳಿಸಿದ್ದ ಇಬ್ಬರು ಸಮಾಜವಾದಿ ಸದಸ್ಯರ ಬೆಂಬಲ. ಖಾಲಿ ಬೊಕ್ಕಸವನ್ನು ಹಣಕಾಸು ಸಚಿವ ರಾಬರ್ಟ್ ಟ್ಯಾಟ್ಲೋ ತೆರಿಗೆ ಏರಿಸಿ, ಖರ್ಚು ಬಿಗಿಹಿಡಿದು ಸರಿದೂಗಿಸಿದ.

1906ರಲ್ಲಿ ಕೆನಡಾದ ರಾಜಧಾನಿ ಒಟ್ಟಾವದಲ್ಲಿ ಪ್ರಾಂತ್ಯಗಳ ಸಮಾವೇಶ ಸೇರಿತು. ಬೆಟ್ಟಗಾಡಿನ ತನ್ನ ಪ್ರಾಂತ್ಯದಲ್ಲಿ ಆಡಳಿತದ ಖರ್ಚು ಹೆಚ್ಚು, ಆದ್ದರಿಂದ ಅನುದಾನವೂ ಹೆಚ್ಚಬೇಕು ಎಂಬುದು ಮೆಕ್‌ಬ್ರೈಡ್‌ನ ವಾದ. ವರ್ಷಕ್ಕೆ ಒಂದು ಲಕ್ಷ ಡಾಲರಿನಂತೆ ಹತ್ತು ವರ್ಷ ಕೊಡುವ ಮಾತು ಬಂದಾಗ ಸಭೆಯಿಂದ ಎದ್ದು ಹೊರನಡೆದ. ಮರುವರ್ಷ ಲಂಡನ್ನಿಗೇ ಹೋಗಿ, ವಸಾಹತು ಇಲಾಖೆಯ ಉಪಸಚಿವನಾಗಿದ್ದ ವಿನ್‌ಸ್ಟನ್ ಚರ್ಚಿಲ್‌ನನ್ನು ಕಂಡು, ಈ ಅನುದಾನವೇ ಅಂತಿಮ ಎಂಬ ಮಾತನ್ನು ಬ್ರಿಟಿಷ್ ಸಂಸತ್ತಿನ ಮಸೂದೆಯಿಂದ ತೆಗೆಸಿದ. ಹಣ ಹೆಚ್ಚಾಗಲಿಲ್ಲ, ಮತ ಹೆಚ್ಚಿತು. ಅಕಾಲದಲ್ಲೇ ಬೆಳ್ಳಗಾಗಿದ್ದ ದಟ್ಟ ಕೂದಲಿನ, ಎಲ್ಲರ ಕೈಕುಲುಕಿ ಮಾತಾಡಿಸುವ ಈ ನಾಯಕ 1907, 1909, 1912ರಲ್ಲಿ ಸಾಲಾಗಿ ಗೆದ್ದ. 1912ರಲ್ಲಂತೂ 42ರಲ್ಲಿ 39 ಸ್ಥಾನ.

ಇದೇ ಹೊತ್ತಿಗೆ ನಡೆದ ಇನ್ನೊಂದು ಕೆಲಸಕ್ಕೆ ಹಳೆಯ ಚರಿತ್ರೆಗಳು ಸಾಲದಷ್ಟು ಜಾಗ ಕೊಟ್ಟಿವೆ. ಮರದ ಮಿಲ್ಲುಗಳಿಗೂ ರೈಲುಹಾದಿಯ ಕೆಲಸಕ್ಕೂ ಪಂಜಾಬಿನಿಂದ ಜನ ಬರುತ್ತಿದ್ದರು. ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳಾದ ಅವರಿಗೆ ಮತ ಹಾಕುವ ಹಕ್ಕಿತ್ತು. ಮುಂದೆ ಅಟಾರ್ನಿ ಜನರಲ್ ಆದ ವಿಲಿಯಂ ಬೌಸರ್ ತಂದ 1907ರ ತಿದ್ದುಪಡಿ ಅದನ್ನು ಅಳಿಸಿಹಾಕಿತು. ಚೀನೀಯರೂ ಜಪಾನೀಯರೂ ಮೊದಲೇ ಹೊರಗಿದ್ದರು. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ವಕೀಲಿಕೆಯಿಲ್ಲ, ಔಷಧ ವ್ಯಾಪಾರದ ವೃತ್ತಿಯಿಲ್ಲ. ಒಂದು ಸಾಲಿನ ಕಾನೂನು ಒಂದು ತಲೆಮಾರಿನ ದುಡಿಮೆಯ ದಾರಿಗಳನ್ನೇ ಮುಚ್ಚಿತು. ಹಕ್ಕು ಮರಳಿದ್ದು 1947ರಲ್ಲಿ. 1907ರಲ್ಲೇ ವಲಸೆ ತಡೆಯುವ ಮಸೂದೆಯೂ ಶಾಸನಸಭೆಯಲ್ಲಿ ಪಾಸಾಯಿತು. ಆಗ ಲೆಫ್ಟಿನೆಂಟ್ ಗವರ್ನರ್ ಆಗಿದ್ದ, ತನ್ನ ಗಣಿಗಳಲ್ಲಿ ಚೀನೀಯರನ್ನು ದುಡಿಸುತ್ತಿದ್ದ ಡನ್ಸ್‌ಮ್ಯೂರ್ ಒಪ್ಪಿಗೆ ಕೊಡಲಿಲ್ಲ. ಸೆಪ್ಟೆಂಬರ್ 7ರಂದು ವ್ಯಾಂಕೂವರ್‌ನಲ್ಲಿ ಗುಂಪು ಅವನ ಪ್ರತಿಕೃತಿ ಸುಟ್ಟು, ಚೀನೀ ಮತ್ತು ಜಪಾನೀ ಕೇರಿಗಳ ಮೇಲೆ ಬಿತ್ತು.

1914ರ ಮೇ ತಿಂಗಳಲ್ಲಿ ಕೊಮಗಾಟ ಮಾರು ಹಡಗು 376 ಭಾರತೀಯರನ್ನು ಹೊತ್ತು ವ್ಯಾಂಕೂವರ್‌ಗೆ ಬಂದಾಗ ಮೆಕ್‌ಬ್ರೈಡ್ ತನ್ನ ನಿಲುವನ್ನು ಬಹಿರಂಗವಾಗಿಯೇ ಹೇಳಿದ: ಈ ನಾಡು ಬಿಳಿಯರದ್ದಾಗಿಯೇ ಉಳಿಯಬೇಕು. ವಲಸೆ ನಿಯಮ ಒಟ್ಟಾವದ್ದು, ಹಡಗನ್ನು ಹಿಂದಟ್ಟಿದ್ದೂ ಅಲ್ಲಿನ ಸರ್ಕಾರವೇ. ಆದರೆ ಆ ನಿಯಮಕ್ಕೆ ಒತ್ತಡ ಹುಟ್ಟಿದ್ದು ಈ ಪ್ರಾಂತ್ಯದಲ್ಲಿ, ಅದರ ದನಿಯಾಗಿದ್ದವ ಪ್ರೀಮಿಯರ್. ಎರಡು ತಿಂಗಳು ಬಂದರಿನಲ್ಲಿ ಕಾದ ಹಡಗು ಜುಲೈ 23ರಂದು ಮರಳಿತು. ಕಲ್ಕತ್ತದ ಬಳಿಯ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಗುಂಡು ಹಾರಿತು.

ಮೂಲನಿವಾಸಿಗಳ ಪಾಲಿಗೂ ಇದು ಕಳೆದುಕೊಂಡ ಕಾಲ. 1913ರಲ್ಲಿ ವ್ಯಾಂಕೂವರ್‌ನ ಕಿಟ್ಸಿಲಾನೋದಲ್ಲಿ ಸ್ಕ್ವಾಮಿಷ್ ಕುಟುಂಬಗಳಿಗೆ ಹಣ ಕೊಟ್ಟು, ದೋಣಿಗೆ ಹತ್ತಿಸಿ ಸಾಗಹಾಕಿ, ಅವರ ಮನೆಗಳಿಗೆ ಬೆಂಕಿ ಇಡಲಾಯಿತು. 1912ರಲ್ಲಿ ಫೆಡರಲ್ ಪ್ರತಿನಿಧಿ ಮೆಕೆನ್ನಾ ಜೊತೆ ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ ಆಯೋಗ ಮೀಸಲು ಜಮೀನಿನಲ್ಲಿ ಸುಮಾರು 47,000 ಎಕರೆ ಕತ್ತರಿಸಿ, 87,000 ಎಕರೆ ಸೇರಿಸಲು ಹೇಳಿತು. ಕತ್ತರಿಸಿದ್ದು ಬೆಲೆಬಾಳುವ ನೆಲ, ಸೇರಿಸಿದ್ದು ಬಹುಪಾಲು ಬೆಲೆಯಿಲ್ಲದ್ದು. ಮೂಲನಿವಾಸಿಗಳ ಒಪ್ಪಿಗೆಯಿಲ್ಲದೆ ನೆಲ ತೆಗೆಯುವುದಿಲ್ಲ ಎಂದು ಒಪ್ಪಂದದಲ್ಲಿ ಬರೆದಿತ್ತು. 1920ರ ಕಾನೂನು ಆ ಮಾತನ್ನು ಬದಿಗೊತ್ತಿತು.

ಜನ ಮೆಕ್‌ಬ್ರೈಡ್‌ನನ್ನು ನೆನೆಯುತ್ತಿದ್ದದ್ದು ರೈಲಿನಿಂದ. 1909ರಲ್ಲಿ ಕೆನೇಡಿಯನ್ ನಾರ್ದರ್ನ್ ಕಂಪನಿಯ ಸಾಲಪತ್ರಗಳಿಗೆ ಮೈಲಿಗೆ 35,000 ಡಾಲರಿನಂತೆ ಸರ್ಕಾರ ಜಾಮೀನು ನಿಂತಿತು. ಇದು ದುಡುಕು ಎಂದು ಟ್ಯಾಟ್ಲೋ ಮತ್ತು ಜಮೀನು ಸಚಿವ ಫುಲ್ಟನ್ ಸಂಪುಟ ಬಿಟ್ಟರು. ಮತದಾರರು ಕಿವಿಗೊಡಲಿಲ್ಲ. 1901ರಿಂದ 1911ರೊಳಗೆ ಪ್ರಾಂತ್ಯದ ಜನಸಂಖ್ಯೆ 1,78,657ರಿಂದ 3,92,480ಕ್ಕೆ ಏರಿತ್ತು. ಅಂಥ ಹೊತ್ತಿನಲ್ಲಿ ಎಚ್ಚರಿಕೆಯ ಮಾತು ಯಾರಿಗೆ ಬೇಕು! ಫ್ರೇಸರ್ ನದಿಯ ಕಮರಿಯಲ್ಲಿ ಬಂಡೆ ಸಿಡಿಸುತ್ತ ಹಾದಿ ಸಾಗಿತು. 1914ರಲ್ಲಿ ಹೆಲ್ಸ್ ಗೇಟ್ ಎಂಬಲ್ಲಿ ಬೆಟ್ಟದ ಬದಿ ಕುಸಿದು ನದಿಯ ಇರುಕು ಇನ್ನಷ್ಟು ಕಿರಿದಾಯಿತು, ಸೆಳವು ಹೆಚ್ಚಿತು. ಮೊಟ್ಟೆಯಿಡಲು ಸಮುದ್ರದಿಂದ ಮೇಲೇರಿ ಬರುವ ಸಾಲ್ಮನ್ ಮೀನುಗಳು ಅಲ್ಲೇ ದಣಿದು ಸತ್ತವು. ಆ ಮೀನನ್ನೇ ನಂಬಿದ್ದ ಮೂಲನಿವಾಸಿ ಹಳ್ಳಿಗಳೂ ಡಬ್ಬಿ ಕಾರ್ಖಾನೆಗಳೂ ದಶಕಗಳ ಕಾಲ ಅದರ ಪೆಟ್ಟು ಉಂಡವು.

ಮೊದಲನೆಯ ಮಹಾಯುದ್ಧ ಆರಂಭವಾದ ದಿನದ ಒಂದು ಘಟನೆಯಲ್ಲಿ ಮೆಕ್‌ಬ್ರೈಡ್‌ನ ಸ್ವಭಾವ ಪೂರ್ತಿ ಕಾಣುತ್ತದೆ. ಚಿಲಿ ದೇಶಕ್ಕಾಗಿ ಸಿಯಾಟಲ್‌ನಲ್ಲಿ ಕಟ್ಟಿದ್ದ ಎರಡು ಜಲಾಂತರ್ಗಾಮಿಗಳು ಮಾರಾಟಕ್ಕಿದ್ದವು. ಕರಾವಳಿಗೆ ಜರ್ಮನ್ ನೌಕೆಗಳ ಭಯ. ಅಮೆರಿಕ ತಟಸ್ಥ ದೇಶವಾದ್ದರಿಂದ ತಡವಾದರೆ ಅವು ಹೊರಬರುವಂತಿರಲಿಲ್ಲ. ಒಟ್ಟಾವದ ಒಪ್ಪಿಗೆಗೆ ಕಾಯದೆ ಪ್ರಾಂತ್ಯದ ಬೊಕ್ಕಸದಿಂದ 11,50,000 ಡಾಲರಿನ ಚೆಕ್ಕು ಬರೆಸಿದ. 1914ರ ಆಗಸ್ಟ್ 4ರ ರಾತ್ರಿ ಕತ್ತಲಲ್ಲಿ ಹೊರಟ ದೋಣಿಗಳನ್ನು ಬೆಳಗ್ಗೆ ಕೆನಡಾದ ಅಧಿಕಾರಿಗಳು ಪರೀಕ್ಷಿಸಿ ಚೆಕ್ಕು ಕೊಟ್ಟು, ಎಸ್ಕ್ವಿಮಾಲ್ಟ್ ನೌಕಾನೆಲೆಗೆ ತಂದರು. ಒಂದು ಪ್ರಾಂತ್ಯ ಯುದ್ಧನೌಕೆ ಕೊಂಡದ್ದು ವಿರಳ ಸಂಗತಿ. ಖರೀದಿಯ ಬಗ್ಗೆ ಅನುಮಾನ ಎದ್ದು ತನಿಖೆ ನಡೆಯಿತು. ಆಯೋಗ ಮೆಕ್‌ಬ್ರೈಡ್‌ನ ನಡೆಯನ್ನು ಮೆಚ್ಚಿತು.

ಅಷ್ಟರಲ್ಲಿ ಹಣದ ಹರಿವು ಬತ್ತಿತ್ತು. 1912ರಲ್ಲಿ ಜಾಮೀನು ಕೊಟ್ಟ ಪೆಸಿಫಿಕ್ ಗ್ರೇಟ್ ಈಸ್ಟರ್ನ್ ಹಾದಿ ಅರ್ಧಕ್ಕೆ ನಿಂತಿತು. ಆರೋಗ್ಯವೂ ಕೆಟ್ಟು, 1915ರ ಡಿಸೆಂಬರ್ 15ರಂದು, ತನ್ನ 45ನೆಯ ಹುಟ್ಟುಹಬ್ಬದ ದಿನ, ಮೆಕ್‌ಬ್ರೈಡ್ ಅಧಿಕಾರವನ್ನು ಬೌಸರ್‌ಗೆ ಬಿಟ್ಟು ಪ್ರಾಂತ್ಯದ ಪ್ರತಿನಿಧಿಯಾಗಿ ಲಂಡನ್ನಿಗೆ ತೆರಳಿದ. 1917ರ ಆಗಸ್ಟ್ 6ರಂದು ಅಲ್ಲೇ ತೀರಿಕೊಂಡ. 1916ರ ಚುನಾವಣೆಯಲ್ಲಿ ಪಕ್ಷ ನೆಲಕಚ್ಚಿತ್ತು. ಸಾಲಕ್ಕೆ ಜಾಮೀನು ನಿಂತ ಪ್ರಾಂತ್ಯವೇ 1918ರಲ್ಲಿ ಆ ರೈಲುಹಾದಿಯನ್ನು ವಹಿಸಿಕೊಳ್ಳಬೇಕಾಯಿತು. ಅದು ಪ್ರಿನ್ಸ್ ಜಾರ್ಜ್ ತಲುಪಿದ್ದು 1952ರಲ್ಲಿ.